ಕಣ್ಣು ಬರೆದ ಮೇಲೆ: ಏಷ್ಯಾದ ಕಲೆ ಮತ್ತು ಭಕ್ತಿಯ ನಂಟು

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಒಟ್ಟಾಗಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಪಟ್ಟಿಯಲ್ಲಿ ಮೂರಕ್ಕೂ ಒಂದೇ ಸಾಲು. ಊರಿಗೆ ಹೋಗಿ ನೋಡಿದರೆ ಬಾಳು ಬೇರೆ ಬೇರೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆಯಿದೆ, ಅಲಂಕಾರವಿದೆ, ತೇರಿದೆ. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಪೂಜೆಯಿಲ್ಲ. ಹೋದವರು ಟಿಕೆಟ್ ಕೊಂಡು ಶಿಲ್ಪ ನೋಡಿಕೊಂಡು ಬರುತ್ತಾರೆ. ಬೇಲೂರಿನಲ್ಲೇ ನೋಡಿ: ಸೂರಿನಡಿಯ ಮದನಿಕೆಯರನ್ನು ಕತ್ತೆತ್ತಿ ನೋಡುತ್ತ ಗೈಡ್ ಹೇಳಿದ್ದಕ್ಕೆಲ್ಲ ತಲೆದೂಗುತ್ತಿದ್ದವರು ಒಳಗೆ ಹೋಗಿ ಗರ್ಭಗುಡಿಯ ಎದುರು ನಿಂತೊಡನೆ ಕೈ ಮುಗಿಯುತ್ತಾರೆ. ಅದೇ ಕಾಲದ ಉಳಿ, ಅದೇ ಬಗೆಯ ಕಲ್ಲು. ನೋಟ ಮಾತ್ರ ಬೇರೆ.

ಏಷ್ಯಾದ ಸಾಂಪ್ರದಾಯಿಕ ಕಲೆಯ ಬಗ್ಗೆ ನೂರು ವರ್ಷಗಳಿಂದ ನಡೆದಿರುವ ಚರ್ಚೆಯ ತಿರುಳು ಈ ಎರಡು ನೋಟಗಳ ನಡುವಿನ ಜಗ್ಗಾಟ. ಇದು ಕಲಾಕೃತಿಯೋ, ದೇವರೋ? ಮ್ಯೂಸಿಯಂಗೆ ಸೇರಿದ್ದೋ, ಗುಡಿಗೋ? ಭಾರತ, ಲಂಕಾ, ಟಿಬೆಟ್, ಜಪಾನ್, ಮ್ಯಾನ್ಮಾರ್‌ಗಳ ಉದಾಹರಣೆಗಳನ್ನು ಒಟ್ಟಿಗಿಟ್ಟು ನೋಡಿದರೆ ಪ್ರಶ್ನೆಯನ್ನೇ ಕೊಂಚ ತಿದ್ದಿಕೊಳ್ಳಬೇಕಾಗುತ್ತದೆ. ಒಂದು ಮೂರ್ತಿ ಏನು ಎಂದು ಕೇಳುವುದಕ್ಕಿಂತ, ಅದು ತನ್ನ ಆಯುಸ್ಸಿನ ಯಾವ ಹಂತದಲ್ಲಿದೆ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಈ ಪರಂಪರೆಗಳಲ್ಲಿ ಮೂರ್ತಿ ಹುಟ್ಟುತ್ತದೆ, ಕಣ್ಣು ತೆರೆಯುತ್ತದೆ, ಸೇವೆ ಪಡೆಯುತ್ತದೆ, ಸವೆಯುತ್ತದೆ, ಕೆಲವೊಮ್ಮೆ ಶಾಸ್ತ್ರೋಕ್ತವಾಗಿ ಸಾಯುತ್ತದೆ ಕೂಡ.

ಮಾಡುವ ಕೈ

ಏಷ್ಯಾದ ಕಲಾವಿದ ಹೆಸರು ಬಯಸದ ಯೋಗಿ, ಧ್ಯಾನದಲ್ಲಿ ಕಂಡದ್ದನ್ನೇ ಕಲ್ಲಿಗಿಳಿಸುವವನು ಎಂಬ ಮಾತು ಬೇರೂರಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಜಪಾನಿನ ಒಕಾಕುರಾ ಕಾಕುಜೊ 1903ರಲ್ಲಿ ಪ್ರಕಟಿಸಿದ ‘ದಿ ಐಡಿಯಲ್ಸ್ ಆಫ್ ದಿ ಈಸ್ಟ್’ ಏಷ್ಯಾ ಖಂಡವಿಡೀ ಒಂದೇ ಆಧ್ಯಾತ್ಮಿಕ ಮನಸ್ಸಿನದು ಎಂದು ವಾದಿಸಿತು. ಲಂಕೆಯಲ್ಲಿ ಹುಟ್ಟಿದ ಆನಂದ ಕುಮಾರಸ್ವಾಮಿ 1908ರಲ್ಲಿ ಸಿಂಹಳದ ಮಧ್ಯಕಾಲೀನ ಕಲೆಯ ಬಗ್ಗೆ ದೊಡ್ಡ ಗ್ರಂಥ ಬರೆದರು. ಮುಂದೆ ಅಮೆರಿಕದ ಬಾಸ್ಟನ್ ಮ್ಯೂಸಿಯಂನಲ್ಲಿ ಕುಳಿತು ಇದೇ ವಾದಕ್ಕೆ ಶಾಸ್ತ್ರದ ಆಧಾರ ಒದಗಿಸಿದರು. ಭಾರತೀಯ ಶಿಲ್ಪವನ್ನು ವಿಕಾರವೆಂದು ಜರೆಯುತ್ತಿದ್ದ ವಸಾಹತುಶಾಹಿ ವಿಮರ್ಶಕರಿಗೆ ಉತ್ತರ ಕೊಡಬೇಕಿದ್ದ ಕಾಲ ಅದು. ವಾದಕ್ಕೆ ಆ ಕಾಲದ ಬಿಸಿಯೂ ಇತ್ತು, ಅತಿರೇಕವೂ ಇತ್ತು.

ಆ ವಾದಕ್ಕೆ ಆಧಾರಗಳಿಲ್ಲವೆಂದಲ್ಲ. ನಮ್ಮ ಶಿಲ್ಪಶಾಸ್ತ್ರಗಳು ಪ್ರತಿ ದೇವತೆಗೂ ಧ್ಯಾನಶ್ಲೋಕ ಕೊಟ್ಟು, ತಾಳಮಾನದಿಂದ ಅಂಗಾಂಗಗಳ ಅಳತೆ ಹೇಳುತ್ತವೆ. ಟಿಬೆಟಿನ ಥಾಂಕಾ ಚಿತ್ರಕಾರ ಬಟ್ಟೆಯ ಮೇಲೆ ಮೊದಲು ಗೆರೆಗಳ ಚೌಕಟ್ಟು ಎಳೆದು, ಬುದ್ಧನ ಮೈಯ ಅಳತೆಯನ್ನು ಅದರೊಳಗೇ ಕೂರಿಸುತ್ತಾನೆ. ಅಳತೆ ತಪ್ಪಿದರೆ ಅದು ಬರೀ ಕೆಟ್ಟ ಚಿತ್ರವಲ್ಲ, ದೋಷ. ಜಪಾನಿನಲ್ಲಿ ಉಳಿಯ ಒಂದು ಏಟಿಗೆ ಮೂರು ನಮಸ್ಕಾರ ಎಂಬ ಆದರ್ಶವಿತ್ತು. ಕುರಾನ್ ಬರೆಯುವ ಲಿಪಿಕಾರರು ವಜೂ ಮಾಡಿ ಶುದ್ಧರಾಗಿ ಕೂರುತ್ತಿದ್ದರು.

ಆದರೆ ಶಾಸನಗಳು ಇನ್ನೊಂದು ಕಥೆ ಹೇಳುತ್ತವೆ. ಹೊಯ್ಸಳ ಶಿಲ್ಪಿಗಳಿಗೆ ಹೆಸರಿನ ಹಂಬಲ ಇರಲಿಲ್ಲವೆಂದು ಯಾರು ಹೇಳಿದರೂ ಕಲ್ಲೇ ಒಪ್ಪುವುದಿಲ್ಲ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮೂರ್ತಿಯಿಂದ ಮೂರ್ತಿಗೆ ಕಾಣುತ್ತದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಕೆಲಸದಡಿ ಹೆಸರು ಕೊರೆದಿದ್ದಾರೆ. ಜಪಾನಿನ ನಾರಾ ನಗರದ ತೊದೈಜಿ ದೇಗುಲದ ಮಹಾದ್ವಾರದಲ್ಲಿ ಎಂಟು ಮೀಟರಿಗೂ ಎತ್ತರದ ಇಬ್ಬರು ಮರದ ದ್ವಾರಪಾಲಕರಿದ್ದಾರೆ. ಉಂಕೇಯಿ, ಕೈಕೇಯಿ ಮತ್ತು ಅವರ ತಂಡ 1203ರಲ್ಲಿ ಅವುಗಳನ್ನು ಮುಗಿಸಿದ್ದು 69 ದಿನಗಳಲ್ಲಿ. 1988ರಿಂದ ಮೂರ್ತಿಗಳನ್ನು ಬಿಚ್ಚಿ ದುರಸ್ತಿ ಮಾಡಿದಾಗ ಒಡಲಲ್ಲಿ ಸೂತ್ರಗ್ರಂಥದ ಜೊತೆ ಕೆಲಸಗಾರರ ವಿವರವೂ ಸಿಕ್ಕಿತು. ಬೇರೆ ಬೇರೆ ತುಂಡುಗಳಲ್ಲಿ ಕೆತ್ತಿ ಜೋಡಿಸುವ ತಂತ್ರ, ಕೆಲಸದ ಹಂಚಿಕೆ, ಗಡುವು ಎಲ್ಲ ಇದ್ದ ದೊಡ್ಡ ಕಾರ್ಯಾಗಾರದ ಸಾಧನೆ ಅದು.

ಹಾಗಾದರೆ ಭಕ್ತಿ ಎಲ್ಲಿತ್ತು? ಬಹುಮಟ್ಟಿಗೆ ಮಾಡಿಸಿದವರಲ್ಲಿ. ಸಾಂಚಿಯ ಸ್ತೂಪದ ಕಲ್ಲುಗಳ ಮೇಲೆ ವರ್ತಕರು, ಗೃಹಿಣಿಯರು, ಭಿಕ್ಷು-ಭಿಕ್ಷುಣಿಯರು ತಮ್ಮ ದಾನವನ್ನು ದಾಖಲಿಸಿದ್ದಾರೆ. ಚೀನಾದ ದುನ್‌ಹುವಾಂಗ್ ಬಳಿಯ ಮೊಗಾವ್ ಗುಹೆಗಳ ಗೋಡೆಗಳಲ್ಲಿ ಬುದ್ಧನ ಲೋಕದ ಕೆಳಗೆ ದಾನಿಗಳ ಕುಟುಂಬಗಳೇ ಸಾಲುಗಟ್ಟಿ ನಿಂತಿವೆ. ಕಾಲ ಕಳೆದಂತೆ ಆ ದಾನಿಗಳ ಗಾತ್ರವೂ ಬೆಳೆಯುತ್ತ ಹೋಯಿತು. ಪುಣ್ಯ ಬೇಕಾದವರು ಹಣ ಕೊಟ್ಟರು, ಕಸುಬು ಬಲ್ಲವರು ಕೆಲಸ ಮಾಡಿದರು. ಶಿಲ್ಪಿ ಭಕ್ತನಾಗಿರಲಿಲ್ಲ ಎಂದು ಇದರ ಅರ್ಥವಲ್ಲ. ಅವನ ಭಕ್ತಿ ಭಾವಾವೇಶದಲ್ಲಿರದೆ ಅಳತೆಯನ್ನು ಬಿಟ್ಟುಕೊಡದ ಶಿಸ್ತಿನಲ್ಲಿತ್ತು, ಆ ಶಿಸ್ತಿಗೆ ಕೂಲಿಯೂ ಕೀರ್ತಿಯೂ ಸಲ್ಲುತ್ತಿದ್ದವು ಎಂದಷ್ಟೇ.

ಕಣ್ಣು ತೆರೆಯುವ ಗಳಿಗೆ

ಶಿಲ್ಪಿ ಉಳಿ ಕೆಳಗಿಟ್ಟಾಗ ಮೂರ್ತಿ ಮುಗಿದಂತಾಗುವುದಿಲ್ಲ. ಈ ಒಂದು ವಿಷಯದಲ್ಲಿ ಏಷ್ಯಾದ ದೂರದೂರದ ಪರಂಪರೆಗಳು ಬೆರಗುಗೊಳಿಸುವಷ್ಟು ಹತ್ತಿರ ಬರುತ್ತವೆ. ಲಂಕೆಯ ನೇತ್ರಮಂಗಲದಲ್ಲಿ ಚಿತ್ರಕಾರ ಬುದ್ಧನ ಕಣ್ಣನ್ನು ನೇರವಾಗಿ ನೋಡುವಂತಿಲ್ಲ. ಕನ್ನಡಿಯಲ್ಲಿ ನೋಡುತ್ತ ಗುಡ್ಡೆ ಬರೆಯಬೇಕು. ಆಮೇಲೆ ಅವನನ್ನು ಕಣ್ಣು ಕಟ್ಟಿ ಹೊರಗೆ ಕರೆತರುತ್ತಾರೆ. ನಮ್ಮ ಪ್ರತಿಷ್ಠಾವಿಧಿಯಲ್ಲೂ ನೇತ್ರೋನ್ಮೀಲನ ಚಿನ್ನದ ಶಲಾಕೆಯಿಂದ ಆಗಬೇಕು, ತೆರೆದ ಕಣ್ಣಿನ ಮುಂದೆ ಮಂಗಳದ್ರವ್ಯಗಳಿರಬೇಕು.

ನಾರಾದ ಕಂಚಿನ ಮಹಾಬುದ್ಧನ ಕಣ್ಣು ತೆರೆದದ್ದು 752ರಲ್ಲಿ. ಸುಮಾರು 15 ಮೀಟರ್ ಎತ್ತರದ ಆ ಮೂರ್ತಿಗೆ ದೃಷ್ಟಿ ಬರೆದವನು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಅವನ ಕೈಯ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ ನೆರೆದವರು ಅದನ್ನು ಹಿಡಿದಿದ್ದರು, ಎಲ್ಲರೂ ಸೇರಿ ಕಣ್ಣು ಬರೆದ ಹಾಗಾಗಲಿ ಎಂದು. ಆ ಕುಂಚ ಇಂದಿಗೂ ಅಲ್ಲಿಯ ಶೊಸೊಇನ್ ಭಂಡಾರದಲ್ಲಿದೆ. ಕ್ಯೋತೊದ ಸೇರ್ಯೋಜಿ ದೇಗುಲದ ಶಾಕ್ಯಮುನಿ ಮೂರ್ತಿಯದು ಇನ್ನೂ ವಿಚಿತ್ರ. 985ರಲ್ಲಿ ಚೀನಾದಲ್ಲಿ ಕೆತ್ತಿಸಿ ತಂದ ಈ ಮೂರ್ತಿಯ ಒಡಲನ್ನು 1954ರಲ್ಲಿ ತೆರೆದಾಗ ರೇಷ್ಮೆಯಲ್ಲಿ ಹೊಲಿದ ಕರುಳು, ಶ್ವಾಸಕೋಶ ಮೊದಲಾದ ಅಂಗಗಳು ಸಿಕ್ಕವು. ಟಿಬೆಟಿನಲ್ಲಿ ಮೂರ್ತಿಯೊಳಗೆ ಮಂತ್ರದ ಸುರುಳಿಗಳನ್ನು ತುಂಬಿ ತಳವನ್ನು ಮುಚ್ಚುತ್ತಾರೆ. ಥಾಂಕಾದ ಹಿಂಬದಿಯಲ್ಲಿ, ಆಕೃತಿಯ ಹಣೆ, ಕಂಠ, ಎದೆಗಳ ನೇರಕ್ಕೆ ಓಂ, ಆಃ, ಹೂಂ ಅಕ್ಷರಗಳನ್ನು ಬರೆಯುತ್ತಾರೆ.

ಇಲ್ಲೆಲ್ಲ ಮುಖ್ಯವಾದದ್ದು ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಕಲಾವಿಮರ್ಶೆ ಮೇಲ್ಮೈಯನ್ನು ಓದುತ್ತದೆ. ಭಕ್ತನಿಗೆ ಮೂರ್ತಿಯ ಮೌಲ್ಯ ಒಳಗಿದೆ, ಹಿಂದಿದೆ, ಒಂದು ಮುಹೂರ್ತದಲ್ಲಿ ನಡೆದುಹೋದ ವಿಧಿಯಲ್ಲಿದೆ. ಆ ಮುಹೂರ್ತದಲ್ಲೇ ಕೃತಿಯ ಒಡೆತನವೂ ಕೈ ಬದಲಿಸುತ್ತದೆ: ಪ್ರತಿಷ್ಠೆಯಾದ ಮೇಲೆ ಕೆತ್ತಿದ ಶಿಲ್ಪಿಗೇ ಅದನ್ನು ಮುಟ್ಟುವ ಅಧಿಕಾರ ಅನೇಕ ಕಡೆ ಉಳಿಯದು.

ಸೇವೆಯಲ್ಲಿ ಮಾಸುವ ರೂಪ

ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಲೋಹ ಎರೆಯುವ ಕ್ರಮವನ್ನು ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ್ದಾನೆ, ಮೇಣದ ತೂಕಕ್ಕೆ ಯಾವ ಲೋಹ ಎಷ್ಟು ಬೇಕೆಂಬ ಲೆಕ್ಕವೂ ಅಲ್ಲಿದೆ. ಇದೇ ವಿದ್ಯೆಯಲ್ಲಿ ತಮಿಳುನಾಡಿನ ಚೋಳರ ಕಾಲದ ಎರಕದವರು ಲೋಕವೇ ಮೆಚ್ಚುವ ನಟರಾಜ, ಪಾರ್ವತಿಯರನ್ನು ಮಾಡಿದರು. ಮ್ಯೂಸಿಯಂನಲ್ಲಿ ನಾವು ಹೊಗಳುವುದು ಪಾರ್ವತಿಯ ನಡುವಿನ ಬಳುಕು, ತೋಳಿನ ಇಳಿತ. ಆದರೆ ಅವು ಉತ್ಸವಮೂರ್ತಿಗಳು. ಬೀದಿಗೆ ಬರುವಾಗ ರೇಷ್ಮೆ, ಒಡವೆ, ಹೂಹಾರಗಳಲ್ಲಿ ಮುಳುಗಿ, ಮುಖದ ಹೊರತು ಏನೂ ಕಾಣುತ್ತಿರಲಿಲ್ಲ. ಯಾರಿಗೂ ಕಾಣದೆಂದು ಗೊತ್ತಿದ್ದೂ ಎರಕದವನು ಬೆನ್ನಿನ ಗೆರೆಯನ್ನು ಅಷ್ಟು ನಯವಾಗಿ ತೀಡಿದ. ಭಕ್ತಿಯೇ ಈ ಸೊಬಗಿಗೆ ಕಾರಣ, ಅದನ್ನು ಮುಚ್ಚಿದ್ದೂ ಭಕ್ತಿಯೇ.

ಮುಚ್ಚುವುದು ಒಂದು ಬಗೆ, ಅಳಿಸುವುದು ಇನ್ನೊಂದು. ಮ್ಯಾನ್ಮಾರಿನ ಮಾಂಡಲೆಯ ಮಹಾಮುನಿ ಬುದ್ಧನಿಗೆ ಗಂಡಸರು ದಿನವೂ ಚಿನ್ನದ ರೇಕು ಅಂಟಿಸುತ್ತಾರೆ. ತಲೆಮಾರುಗಳ ಚಿನ್ನ ಸೇರಿ ಮೈಯೆಲ್ಲ ಉಬ್ಬುತಗ್ಗಾಗಿದೆ. ಬೆಳಗಿನ ಜಾವ ಮುಖ ತೊಳೆಯುವ ಸೇವೆಯಿರುವುದರಿಂದ ಮುಖವೊಂದು ಮಾತ್ರ ಫಳಫಳ ಉಳಿದಿದೆ. ಅದೇ ದೇಶದ ಇನ್‌ಲೇ ಸರೋವರದ ಫೌಂಗ್ ಡಾ ಊ ಪಗೋಡದ ಐದು ಪುಟ್ಟ ಬುದ್ಧರಿಗೆ ಈಗ ಕೈಕಾಲು ಮುಖ ಯಾವುದೂ ಇಲ್ಲ. ರೇಕಿನ ಮೇಲೆ ರೇಕು ಬಿದ್ದು ಚಿನ್ನದ ಉಂಡೆಗಳಾಗಿದ್ದಾರೆ. ಕಲಾ ಇತಿಹಾಸಕಾರನಿಗೆ ಇದು ನಷ್ಟ. ಭಕ್ತರ ಮಟ್ಟಿಗೆ ಆ ಉಂಡೆಯೇ ಅವರ ಮುತ್ತಾತಂದಿರ ಪೂಜೆಯ ದಾಖಲೆ.

ಕಾಣದಿರುವುದನ್ನೇ ಮಹಿಮೆಯಾಗಿಸಿದವರೂ ಇದ್ದಾರೆ. ಜಪಾನಿನ ನಾಗಾನೊ ನಗರದ ಝೆಂಕೋಜಿ ದೇಗುಲದ ಮೂಲ ಮೂರ್ತಿಯನ್ನು ಅರ್ಚಕರೂ ನೋಡುವಂತಿಲ್ಲ. ಆರು ವರ್ಷಕ್ಕೊಮ್ಮೆ, ಅವರ ಎಣಿಕೆಯಲ್ಲಿ ಏಳನೇ ವರ್ಷಕ್ಕೆ, ಅದರ ಪ್ರತಿಮೂರ್ತಿಯನ್ನಷ್ಟೇ ಜನರಿಗೆ ತೋರಿಸುತ್ತಾರೆ. ಜಾವಾದ ಬೊರೊಬುದುರಿನಲ್ಲಿ ಕರ್ಮಫಲವನ್ನು ಚಿತ್ರಿಸುವ 160 ಉಬ್ಬುಶಿಲ್ಪಗಳು ಸ್ತೂಪದ ಬುಡದಲ್ಲಿ ಕಲ್ಲಿನ ಕಟ್ಟಡದ ಹಿಂದೆ ಮುಚ್ಚಿಹೋಗಿದ್ದು, ಬೆಳಕಿಗೆ ಬಂದದ್ದು 1885ರಲ್ಲಿ.

ಇವೆಲ್ಲಕ್ಕೂ ಎದುರು ನಿಲ್ಲುವುದು ಶ್ರವಣಬೆಳಗೊಳ. ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ 58 ಅಡಿಯ ಗೊಮ್ಮಟನಿಗೆ ಬಟ್ಟೆಯಿಲ್ಲ, ಒಡವೆಯಿಲ್ಲ, ಗುಡಿಯ ಸೂರೂ ಇಲ್ಲ. ಸುಮಾರು ಹನ್ನೆರಡು ವರ್ಷಕ್ಕೊಮ್ಮೆ, ಇತ್ತೀಚೆಗೆ 2018ರಲ್ಲಿ, ಮಹಾಮಸ್ತಕಾಭಿಷೇಕದಂದು ಹಾಲು, ಕಬ್ಬಿನ ಹಾಲು, ಅರಿಸಿನ, ಚಂದನಗಳು ಇಳಿದಂತೆ ಅದೇ ಶಿಲ್ಪ ಗಳಿಗೆಗೊಂದು ಬಣ್ಣ ತಾಳುತ್ತದೆ. ಇಲ್ಲಿ ಸೇವೆ ರೂಪವನ್ನು ಮರೆಮಾಡದೆ ಎತ್ತಿ ತೋರಿಸುತ್ತದೆ.

ಹಳತನ್ನು ಕಳೆಯುವ ಧರ್ಮ

‘ಮೂಲಕೃತಿ’ಯನ್ನು ಕಾಪಾಡುವುದೇ ಪರಮಧ್ಯೇಯವೆಂದು ಮ್ಯೂಸಿಯಂ ನಂಬುತ್ತದೆ. ಪುರಿಯ ಜಗನ್ನಾಥನಿಗೆ ಈ ಮಾತು ಅನ್ವಯಿಸದು. ನವಕಳೇಬರದಲ್ಲಿ, ಕಳೆದ ಬಾರಿ 2015ರಲ್ಲಿ, ಬೇವಿನ ಮರದ ಹೊಸ ಮೂರ್ತಿಗಳು ಬರುತ್ತವೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ದೈತಾಪತಿಗಳು ಒಳಗಿನ ‘ಬ್ರಹ್ಮ’ವನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುತ್ತಾರೆ; ಹಳೆಯ ಮೂರ್ತಿಗಳನ್ನು ಆವರಣದಲ್ಲೇ ಹೂಳುತ್ತಾರೆ. ಸ್ನಾನಪೂರ್ಣಿಮೆಯ ನಂತರ ಹದಿನೈದು ದಿನ ದೇವರಿಗೆ ‘ಜ್ವರ’, ಆಗ ದರ್ಶನವಿಲ್ಲ. ಆ ದಿನಗಳಲ್ಲಿ ಪೂಜೆಗೊಳ್ಳುವುದು ಚಿತ್ರಕಾರರು ಬಟ್ಟೆಯ ಮೇಲೆ ಬರೆದ ಅಣಸರ ಪಟ್ಟಿ. ಇಂದು ಒಡಿಶಾದ ಅಂಗಡಿಗಳಲ್ಲಿ ಸಿಗುವ ಪಟಚಿತ್ರ ಕಲೆಯ ನಂಟು ಈ ಸೇವೆಯೊಂದಿಗಿದೆ.

ಟಿಬೆಟಿನ ಮರಳಿನ ಮಂಡಲ ಇನ್ನೂ ಮುಂದೆ ಹೋಗುತ್ತದೆ. ದಿನಗಟ್ಟಲೆ ಬಗ್ಗಿ ಕೂತು ಬಣ್ಣದ ಮರಳನ್ನು ಕಾಳುಕಾಳಾಗಿ ಉದುರಿಸಿ ಬಿಡಿಸಿದ ಮಂಡಲವನ್ನು ವಿಧಿ ಮುಗಿದೊಡನೆ ಗುಡಿಸಿ ನೀರಿಗೆ ಬಿಡುತ್ತಾರೆ. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆ ಕಂಡ ಟಿಬೆಟನ್ ಮಠಗಳಿಂದಾಗಿ ಈ ಪರಂಪರೆ ಈಗ ಕರ್ನಾಟಕದ್ದೂ ಹೌದು. ಮುಂಡಗೋಡಿನ ಡ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳು ಅಮೆರಿಕದ ಮ್ಯೂಸಿಯಂಗಳಲ್ಲೇ ಮಂಡಲ ಬಿಡಿಸಿ ಅಲ್ಲೇ ಅಳಿಸಿ ಬರುತ್ತಾರೆ. ಕೂಡಿಡುವುದಕ್ಕೆಂದೇ ಇರುವ ಸಂಸ್ಥೆ ಅಳಿಸುವುದಕ್ಕೆ ಜಾಗ ಕೊಡುತ್ತದೆ.

ಕರಾವಳಿಯ ಭೂತಾರಾಧನೆಯಲ್ಲೂ ಮರದ ಮೂರ್ತಿ ಜೀರ್ಣವಾದರೆ ಹೊಸದು ಬರಬೇಕು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಲ್ಲಿ ನೂರಕ್ಕೂ ಮಿಕ್ಕಿ ಕೆಂಪು ಬಣ್ಣದ ಭೂತಗಳ ಹೊಸ ಸಾಲು ನಿಂತಿದೆ; ಅಲ್ಲಿಯ ಹಳೆಯ ಮೂರ್ತಿಗಳಲ್ಲಿ ಕೆಲವು ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿವೆ. ಹೊಸದಕ್ಕೆ ಊರಿನಲ್ಲಿ ಕೋಲ, ಹಳೆಯದಕ್ಕೆ ರಾಜಧಾನಿಯಲ್ಲಿ ಪ್ರೇಕ್ಷಕರು. ಇಂಥ ಇತ್ಯರ್ಥ ಎರಡೂ ಕಡೆಗೆ ಒಪ್ಪಿತವಾಗುವುದಕ್ಕೆ ಕಾರಣವಿದೆ. ಜೀರ್ಣೋದ್ಧಾರಕ್ಕೆ ಮೊದಲು ಕಲಾಕರ್ಷಣೆ ಮಾಡಿ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸುವ ವಿಧಿ ನಮ್ಮಲ್ಲಿದೆ. ಮೂರ್ತಿ ಭಿನ್ನವಾದರೆ ಪೂಜೆ ನಿಲ್ಲಬೇಕೆಂಬ ನಿಯಮವೂ ಇದೆ. ದೇವರು ಮೂರ್ತಿಯಿಂದ ಹೊರಡಬಲ್ಲ ಎಂಬುದನ್ನು ಶಾಸ್ತ್ರವೇ ಒಪ್ಪಿದೆ.

ಮೂರ್ತಿ ಬೇಡವೆಂದ ಭಕ್ತಿ

ಭಕ್ತಿಯೆಂದರೆ ಮೂರ್ತಿ ಎಂದುಕೊಂಡರೆ ಸಮೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ. ಆರಂಭದ ಬೌದ್ಧಶಿಲ್ಪದಲ್ಲಿ ಬುದ್ಧನ ಬದಲು ಬರಿದಾದ ಪೀಠ, ಬೋಧಿವೃಕ್ಷ, ಪಾದದ ಗುರುತು ಕಾಣುತ್ತವೆ. ಅವನ ರೂಪವನ್ನು ತೋರಿಸಬಾರದೆಂಬ ನಿಷೇಧವಿತ್ತು ಎಂದು ಬಹುಕಾಲ ನಂಬಲಾಗಿತ್ತು. ಹಾಗಲ್ಲ, ಅವು ಬುದ್ಧನ ನಂತರ ಜನ ಆ ಕ್ಷೇತ್ರಗಳನ್ನು ಪೂಜಿಸಿದ ದೃಶ್ಯಗಳು ಎಂದು 1990ರಲ್ಲಿ ಸೂಸನ್ ಹಂಟಿಂಗ್ಟನ್ ವಾದಿಸಿದರು. ವಿದ್ಯಾ ದೆಹೇಜಿಯಾ ಪ್ರತಿವಾದ ಹೂಡಿದರು. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಸಂಕೇತಗಳೂ ಬುದ್ಧನ ಮೂರ್ತಿಗಳೂ ಒಂದೇ ಸ್ತೂಪದ ಬಳಿ ಸಿಕ್ಕಿವೆ.

ಹನ್ನೆರಡನೇ ಶತಮಾನದ ಶರಣರು ಸ್ಥಾವರವನ್ನು ಬಿಟ್ಟು ಅಂಗೈಯ ಇಷ್ಟಲಿಂಗಕ್ಕೆ ಬಂದರು. ಅವರ ಭಕ್ತಿಯ ಸೃಷ್ಟಿಶಕ್ತಿ ಹರಿದದ್ದು ಕಲ್ಲಿಗಲ್ಲ, ಮಾತಿಗೆ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಿಟಕಿಯ ಜಾಲಂಧ್ರಗಳೇ ಅರಬ್ಬಿ ಅಕ್ಷರಗಳು. ಕಲ್ಲನ್ನು ಅಕ್ಷರದ ಆಕಾರಕ್ಕೆ ಕೊರೆದಿರುವುದರಿಂದ ಬೆಳಕು ಒಳಬರುವುದೇ ಪವಿತ್ರ ವಾಕ್ಯದ ಸಂದಿನಲ್ಲಿ. ಅಲ್ಲಿಯ ಗೋರಿಯಲ್ಲಿ ಮಲಗಿರುವ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹ ತನ್ನ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದವನು. ಮೂರ್ತಿಯುಳ್ಳ ಧರ್ಮ, ಮೂರ್ತಿಯಿಲ್ಲದ ಧರ್ಮ ಎಂಬ ಗೋಡೆ ಒಬ್ಬ ಕಲಾರಸಿಕನ ಮನಸ್ಸಿನೊಳಗೇ ನಿಲ್ಲುತ್ತಿರಲಿಲ್ಲ.

ಗುಡಿ, ಗಾಜು, ನ್ಯಾಯಾಲಯ

ಹತ್ತೊಂಬತ್ತನೇ ಶತಮಾನದ ಕೊನೆಗೆ ಎರಡು ನೋಟಗಳು ಮುಖಾಮುಖಿಯಾದವು. 1884ರಲ್ಲಿ ಅಮೆರಿಕದ ಕಲಾವಿದ್ವಾಂಸ ಫೆನೊಲೋಸಾ ಮತ್ತು ಒಕಾಕುರಾ ಸರ್ಕಾರದ ಆದೇಶ ಹಿಡಿದು ಜಪಾನಿನ ಹೋರ್ಯೂಜಿ ದೇಗುಲದಲ್ಲಿ ಶತಮಾನಗಳಿಂದ ಬಟ್ಟೆ ಸುತ್ತಿಟ್ಟಿದ್ದ ಬೋಧಿಸತ್ವ ಕನ್ನೊನ್ ಮೂರ್ತಿಯನ್ನು ಬಿಚ್ಚಿಸಿದರು. ಬಿಚ್ಚಿದರೆ ಅನಾಹುತವಾದೀತೆಂದು ಭಿಕ್ಷುಗಳು ಹೆದರಿದ್ದರು. ಈಗ ಅದರ ದರ್ಶನ ವರ್ಷಕ್ಕೆ ಎರಡು ಅವಧಿಗಳಲ್ಲಿ ಮಾತ್ರ. ದುನ್‌ಹುವಾಂಗ್‌ನಲ್ಲಿ ಸಾವಿರಾರು ಹಸ್ತಪ್ರತಿಗಳ ಗುಹೆಯನ್ನು 1900ರಲ್ಲಿ ಕಂಡ ತಾವೊ ಪಂಥದ ಸಾಧು ವಾಂಗ್ ಯುವಾನ್‌ಲು 1907ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆರೆಲ್ ಸ್ಟೈನ್‌ಗೆ ದೊಡ್ಡ ಗಂಟನ್ನೇ ಮಾರಿದ. ಬಂದ ಹಣವನ್ನು ಅವನು ಗುಹೆಗಳ ಜೀರ್ಣೋದ್ಧಾರಕ್ಕೆ, ಹೊಸ ಮೂರ್ತಿಗಳಿಗೆ ಹಾಕಿದ. ವಿದ್ವಾಂಸರ ಕಣ್ಣಿಗೆ ಅಮೂಲ್ಯವಾದದ್ದು ಹೋಯಿತು, ಬಂದದ್ದು ಸಾಧಾರಣ ಗೊಂಬೆಗಳು. ವಾಂಗ್‌ಗೆ ತಾನು ಧರ್ಮಕಾರ್ಯ ಮಾಡಿದೆನೆಂಬ ನಂಬಿಕೆ.

ಅದೇ ಕಾಲದಲ್ಲಿ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಛಾಪಖಾನೆ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಗೆ ತಲುಪಿಸಿತು. ವಿಮರ್ಶಕರು ಮೂಗು ಮುರಿದರು. ಜನ ಚಿತ್ರಕ್ಕೆ ಕಟ್ಟು ಹಾಕಿಸಿ, ಕುಂಕುಮ ಇಟ್ಟು ದೇವರ ಗೂಡಿನಲ್ಲಿಟ್ಟರು. ಅಚ್ಚಿನ ಪ್ರತಿಯೆಂಬುದು ಪೂಜೆಗೆ ಅಡ್ಡಿಯಾಗಲಿಲ್ಲ.

ಕಳ್ಳಸಾಗಣೆ ಈ ಜಗ್ಗಾಟವನ್ನು ಕಾನೂನಿನ ಮುಂದೆ ತಂದಿತು. ತಮಿಳುನಾಡಿನ ಪತ್ತೂರಿನಲ್ಲಿ 1976ರಲ್ಲಿ ನೆಲದಡಿ ಸಿಕ್ಕ ಚೋಳರ ನಟರಾಜ ಕೈಯಿಂದ ಕೈಗೆ ಮಾರಾಟವಾಗಿ ಲಂಡನ್ ಸೇರಿತ್ತು. ಅದು ಯಾರದೆಂಬ ಮೊಕದ್ದಮೆಯಲ್ಲಿ ಪಾಳುಬಿದ್ದ ಆ ಗುಡಿಯ ಪರವಾಗಿಯೇ ವಾದ ಮಂಡನೆಯಾಯಿತು. ಹಿಂದೂ ದೇವರು ಕಾನೂನಿನ ಕಣ್ಣಿನಲ್ಲಿ ಆಸ್ತಿ ಹೊಂದಬಲ್ಲ ವ್ಯಕ್ತಿ ಎಂಬ ಭಾರತೀಯ ತತ್ತ್ವ ಇಂಗ್ಲಿಷ್ ನ್ಯಾಯಾಲಯದಲ್ಲಿ ನಿಂತಿತು. ಮೇಲ್ಮನವಿಯೂ ಮುಗಿದು 1991ರಲ್ಲಿ ನಟರಾಜ ಮರಳಿದ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿದ್ದ ಶ್ರೀಪುರಂತಾನ್‌ನ ನಟರಾಜ 2014ರಲ್ಲಿ ಭಾರತಕ್ಕೆ ಬಂದ. ಆದರೆ ಗೆದ್ದು ತಂದ ಮೂರ್ತಿಗಳೆಲ್ಲ ಗುಡಿಗೆ ಮರಳಿಲ್ಲ. ಕಳ್ಳರ ಭಯಕ್ಕೆ ತಿರುವಾರೂರಿನಂಥ ಕಡೆ ಸರ್ಕಾರಿ ಭದ್ರತಾ ಕೇಂದ್ರಗಳಲ್ಲಿ ಅನೇಕ ಮೂರ್ತಿಗಳು ಬೀಗದ ಹಿಂದಿವೆ. ಅಲ್ಲಿ ಅವುಗಳಿಗೆ ನೋಡುವವರೂ ಇಲ್ಲ, ಊರಿನ ಉತ್ಸವವೂ ಇಲ್ಲ.

ಮ್ಯೂಸಿಯಂಗಳೂ ಕೈಕಟ್ಟಿ ಕೂತಿಲ್ಲ. ಅಮೆರಿಕದ ನೆವಾರ್ಕ್ ಮ್ಯೂಸಿಯಂ ತನ್ನ ಟಿಬೆಟನ್ ಪೂಜಾಪೀಠವನ್ನು 1990ರಲ್ಲಿ ದಲೈ ಲಾಮಾ ಅವರಿಂದಲೇ ಪ್ರತಿಷ್ಠೆ ಮಾಡಿಸಿತು. ಜಪಾನಿನಲ್ಲಿ ದೇಗುಲದ ಮೂರ್ತಿಯನ್ನು ಪ್ರದರ್ಶನಕ್ಕೆ ಸಾಗಿಸುವ ಮುನ್ನ ಸಾನ್ನಿಧ್ಯವನ್ನು ತೆಗೆಯುವ, ಮರಳಿದ ಮೇಲೆ ತುಂಬುವ ವಿಧಿ ರೂಢಿಯಲ್ಲಿದೆ. 2009ರಲ್ಲಿ ಟೋಕಿಯೊದ ಪ್ರದರ್ಶನದಲ್ಲಿ ದೇಗುಲವೊಂದರ ಎಂಟನೇ ಶತಮಾನದ ಅಶುರ ಮೂರ್ತಿಯನ್ನು ನೋಡಲು ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು.

ಯಾರು ಏನು ಮಾಡಬೇಕು

ಇಷ್ಟನ್ನೂ ಕೂಡಿಸಿ ನೋಡಿದರೆ ಎರಡು ಹಳೆಯ ಮಾತುಗಳು ಬಿದ್ದುಹೋಗುತ್ತವೆ. ಏಷ್ಯಾದ ಕಲೆಯೆಲ್ಲ ಶುದ್ಧ ಅಧ್ಯಾತ್ಮ ಎಂಬುದು ಮಲ್ಲಿತಮ್ಮನ ಸಹಿಯ ಮುಂದೆ, 69 ದಿನದ ಗಡುವಿನ ಮುಂದೆ ನಿಲ್ಲದು. ಭಕ್ತಿಯನ್ನು ಪಕ್ಕಕ್ಕಿಟ್ಟು ರೂಪವನ್ನಷ್ಟೇ ಸವಿಯಬಹುದು ಎಂಬುದೂ ನಿಲ್ಲದು. ಯಾಕೆಂದರೆ ಆ ರೂಪ ಹೀಗೇ ಇರಬೇಕು, ಇಷ್ಟು ಕಾಲ ಇರಬೇಕು, ಇಂಥವರಿಗೇ ಕಾಣಬೇಕು ಎಂದು ತೀರ್ಮಾನಿಸಿದ್ದೇ ಭಕ್ತಿ. ಗುಡಿಗೂ ಮ್ಯೂಸಿಯಂಗೂ ಇರುವ ಜಗಳ ತೀರದ ಜಗಳವಲ್ಲ. ಸಾನ್ನಿಧ್ಯ ತುಂಬುವುದು, ತೆಗೆಯುವುದು ಎರಡಕ್ಕೂ ಪರಂಪರೆಯಲ್ಲೇ ದಾರಿಯಿದೆ. ದಾರಿ ತಪ್ಪುವುದು ಆ ವಿಧಿಯನ್ನೂ ಊರವರ ಒಪ್ಪಿಗೆಯನ್ನೂ ಬಿಟ್ಟು ಮೂರ್ತಿ ಸ್ಥಳ ಬಿಟ್ಟಾಗ.

ಹಾಗಾಗಿ ಹೊಣೆ ಎರಡೂ ಕಡೆಗಿದೆ. ಮ್ಯೂಸಿಯಂನ ಫಲಕ ಶತಮಾನ, ಶೈಲಿ, ಲೋಹ ಹೇಳಿ ನಿಂತರೆ ಸಾಲದು. ಯಾವ ಗುಡಿಯದು, ಪೂಜೆ ಯಾವಾಗ ನಿಂತಿತು, ಇಲ್ಲಿಗೆ ಯಾರ ಕೈಯಿಂದ ಬಂತು ಎಂಬುದನ್ನೂ ಹೇಳಬೇಕು. ಹೇಳಲಾಗದ ಮೂರ್ತಿಯ ಬಗ್ಗೆ ಅನುಮಾನ ಪಡುವ ಹಕ್ಕು ನೋಡುಗರಿಗಿದೆ. ಗುಡಿಯ ಸಮಿತಿಗಳ ಹೊಣೆ ಇನ್ನೂ ತುರ್ತಿನದು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲಿಗೆ ಆಯಿಲ್ ಪೇಂಟ್ ಬಳಿಯುವುದು, ಶಾಸನದ ಮೇಲೆ ಟೈಲ್ಸ್ ಹಾಕುವುದು, ಮರಳು ಚಿಮ್ಮಿಸಿ ಕೆತ್ತನೆಯನ್ನು ಸವೆಸುವುದು ಯಾವ ಆಗಮದಲ್ಲೂ ಹೇಳಿದ ಸೇವೆಯಲ್ಲ. ಮಾಂಡಲೆಯ ಚಿನ್ನದ ರೇಕಿಗೂ ಇದಕ್ಕೂ ವ್ಯತ್ಯಾಸವಿದೆ: ಅಲ್ಲಿ ಪ್ರತಿ ಪದರವೂ ಒಬ್ಬ ಭಕ್ತನ ಸೇವೆ, ಇಲ್ಲಿ ಎಲ್ಲ ಪದರಗಳನ್ನೂ ಒಬ್ಬ ಗುತ್ತಿಗೆದಾರ ಒಂದೇ ವಾರದಲ್ಲಿ ಅಳಿಸಿ ಹೋಗುತ್ತಾನೆ. ಹೊಸ ಮೂರ್ತಿ ಬರಲಿ, ಬ್ರಹ್ಮಕಲಶ ನಡೆಯಲಿ. ಅದಕ್ಕೆ ಮೊದಲು ಹಳೆಯದರ ಅಳತೆ, ಫೋಟೊ, ಶಾಸನದ ಪಡಿಯಚ್ಚು ಊರಿನಲ್ಲೇ ದಾಖಲಾಗಲಿ, ತೆಗೆದ ಮೂರ್ತಿಗೆ ಗೌರವದ ಜಾಗ ಗೊತ್ತಾಗಲಿ. ಈ ಕೆಲಸಕ್ಕೆ ಯುನೆಸ್ಕೊ ಪಟ್ಟಿಯ ಹಂಗಿಲ್ಲ. ಜೀರ್ಣೋದ್ಧಾರಕ್ಕೆ ಸಭೆ ಸೇರುವ ಪ್ರತಿ ಊರಿನ ಸಮಿತಿಯೂ ಇದನ್ನು ತನ್ನ ಮೊದಲ ಸಭೆಯಲ್ಲೇ ನಿರ್ಣಯಿಸಬಹುದು.